ಭಾರ ಅಯಾನುಗಳ ಡಿಕ್ಕಿಯಲ್ಲಿ ತುಣುಕು ಎಣಿಸುವುದು: ಕ್ಯೂಎಂಡಿ ಲೆಕ್ಕ ನಾನು ಹಾಕುವ ಬಗೆ

ಚಿನ್ನದ ಒಂದೇ ಒಂದು ನ್ಯೂಕ್ಲಿಯಸ್ಸನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಯಾವುದಕ್ಕೂ ಡಿಕ್ಕಿ ಹೊಡೆಸದೆ, 300 ಫರ್ಮಿ/ಸಿ (ನ್ಯೂಕ್ಲಿಯಸ್‌ನ ಗಾತ್ರಕ್ಕೆ ತಕ್ಕ ಅತಿ ಚಿಕ್ಕ ಕಾಲಮಾನ) ಕಾಲ ಹಾಗೇ ಬಿಡುತ್ತೇನೆ. ಆಮೇಲೆ ತುಣುಕು ಹುಡುಕುವ ಪ್ರೋಗ್ರಾಮನ್ನು ಅದರ ಮೇಲೆ ಓಡಿಸುತ್ತೇನೆ. ಉತ್ತರ ‘ಒಂದು ತುಣುಕು, 197 ನ್ಯೂಕ್ಲಿಯಾನ್’ ಎಂದು ಬರಬೇಕು. ನ್ಯೂಕ್ಲಿಯಾನ್ ಎಂದರೆ ನ್ಯೂಕ್ಲಿಯಸ್ಸಿನೊಳಗಿನ ಪ್ರೋಟಾನ್ ಅಥವಾ ನ್ಯೂಟ್ರಾನ್. ಒಂದೆರಡು ನ್ಯೂಕ್ಲಿಯಾನ್ ಉದುರಿದ್ದರೆ ಪರವಾಗಿಲ್ಲ. ಅದು ಬಿಟ್ಟು ಲಿಥಿಯಂ, ಬೋರಾನ್ ಗಾತ್ರದ ಚೂರುಗಳು ಕಂಡರೆ ಅವು ಡಿಕ್ಕಿಯಿಂದ ಹುಟ್ಟಿದವಲ್ಲ, ನಮ್ಮ ಲೆಕ್ಕದ ದೋಷದಿಂದ ಹುಟ್ಟಿದವು. ಎರಡು ನ್ಯೂಕ್ಲಿಯಸ್‌ಗಳನ್ನು ಡಿಕ್ಕಿ ಹೊಡೆಸಿದಾಗಲೂ ಅದೇ ದೋಷ ಒಳಗೆ ಇದ್ದೇ ಇರುತ್ತದೆ, ಆದರೆ ನಿಜವಾದ ತುಣುಕುಗಳ ರಾಶಿಯಲ್ಲಿ ಬೆರೆತು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ನನ್ನ ಕೆಲಸದ ಹೆಚ್ಚಿನ ಪಾಲು ಡಿಕ್ಕಿಗೆ ಮುಂಚಿನದು ಮತ್ತು ಡಿಕ್ಕಿಯ ನಂತರದ್ದು. ಡಿಕ್ಕಿಯನ್ನು ಯಂತ್ರ ನೋಡಿಕೊಳ್ಳುತ್ತದೆ.

ಇಲ್ಲಿ ಹೇಳುತ್ತಿರುವುದು ಪ್ರತಿ ನ್ಯೂಕ್ಲಿಯಾನಿಗೆ ಸುಮಾರು 35ರಿಂದ 1000 ಎಂಇವಿ ಶಕ್ತಿಯ ಡಿಕ್ಕಿಗಳ ಬಗ್ಗೆ. ಎಂಇವಿ ಎಂದರೆ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್. ಒಂದು ಫರ್ಮಿ 10⁻¹⁵ ಮೀಟರ್; ಬೆಳಕು ಅಷ್ಟು ದೂರ ಸಾಗುವ ಹೊತ್ತು ಒಂದು ಫರ್ಮಿ/ಸಿ, ಅಂದರೆ ಸುಮಾರು 3.3×10⁻²⁴ ಸೆಕೆಂಡು. ಈ ಶಕ್ತಿಯಲ್ಲಿ ಎರಡು ನ್ಯೂಕ್ಲಿಯಸ್‌ಗಳು ಒಂದಾಗಿ ಬೆಸೆದುಕೊಳ್ಳುವುದಿಲ್ಲ, ಪೂರ್ತಿ ಪುಡಿಯಾಗಿ ಒಂಟಿ ನ್ಯೂಕ್ಲಿಯಾನ್‌ಗಳಷ್ಟೇ ಉಳಿಯುವುದೂ ಇಲ್ಲ. ನಡುವಿನ ಗಾತ್ರದ ಹಲವು ತುಣುಕುಗಳು ಒಟ್ಟಿಗೇ ಹೊರಬರುತ್ತವೆ. ಇದಕ್ಕೆ ಬಹುತುಣುಕೀಕರಣ ಎನ್ನುತ್ತೇವೆ. ವಿದ್ಯುದಂಶ, ಅಂದರೆ ಪ್ರೋಟಾನ್‌ಗಳ ಸಂಖ್ಯೆ, 3ರಿಂದ 20ರವರೆಗಿನ ತುಣುಕುಗಳನ್ನು ‘ಮಧ್ಯಮ ತುಣುಕು’ ಎಂದು ಕರೆಯುವುದು ವಾಡಿಕೆ. ಗಡಿ ಎಲ್ಲ ಕಡೆ ಒಂದೇ ಅಲ್ಲ. ಜರ್ಮನಿಯ ಡಾರ್ಮ್‌ಸ್ಟಾಟ್‌ನ ಜಿಎಸ್‌ಐನಲ್ಲಿದ್ದ ಅಲಾದೀನ್ ಪ್ರಯೋಗ ಅದನ್ನು 3ರಿಂದ 30 ಎಂದು ಇಟ್ಟುಕೊಂಡಿತ್ತು. ಹೋಲಿಸುವ ಮುನ್ನ ಈ ಗಡಿಯನ್ನು ನೋಡಿಕೊಳ್ಳದಿದ್ದರೆ ಇಡೀ ವಾರದ ಕೆಲಸ ಹಾಳಾಗುತ್ತದೆ.

ನಾನು ಬಳಸುವುದು ಕ್ವಾಂಟಮ್ ಮಾಲಿಕ್ಯುಲರ್ ಡೈನಾಮಿಕ್ಸ್, ಚಿಕ್ಕದಾಗಿ ಕ್ಯೂಎಂಡಿ. ಯೋರ್ಗ್ ಐಷೆಲಿನ್ ಮತ್ತು ಹೋರ್ಸ್ಟ್ ಸ್ಟೋಕರ್ 1986ರಲ್ಲಿ ಇದಕ್ಕೆ ಅಡಿಪಾಯ ಹಾಕಿದರು. ಪ್ರತಿಯೊಂದು ನ್ಯೂಕ್ಲಿಯಾನೂ ಒಂದು ಗೌಸಿಯನ್ ಅಲೆಪೊಟ್ಟಣ, ಅಂದರೆ ನಡುವೆ ದಟ್ಟವಾಗಿದ್ದು ಅಂಚಿಗೆ ತೆಳುವಾಗುವ ಮಸುಕು ಉಂಡೆ. ಪೊಟ್ಟಣಗಳ ಕೇಂದ್ರಗಳು ನ್ಯೂಟನ್ನನ ನಿಯಮದಂತೆ ಚಲಿಸುತ್ತವೆ. ತೀರ ಹತ್ತಿರ ಬಂದ ಎರಡು ನ್ಯೂಕ್ಲಿಯಾನ್‌ಗಳು ಪೌಲಿ ನಿಷೇಧ (ಒಂದೇ ಬಗೆಯ ಎರಡು ನ್ಯೂಕ್ಲಿಯಾನ್‌ಗಳು ಒಂದೇ ಸ್ಥಿತಿಯಲ್ಲಿ ಇರಬಾರದೆಂಬ ನಿಯಮ) ಅಡ್ಡಬರದಿದ್ದರೆ ಚದುರುತ್ತವೆ. ಸರಾಸರಿ ಸಾಂದ್ರತೆಯನ್ನಷ್ಟೇ ಹಿಂಬಾಲಿಸುವ ವಿಧಾನಗಳಲ್ಲಿ ತುಣುಕು ಹುಟ್ಟಲು ಬೇಕಾದ ಏರಿಳಿತ ಅಳಿಸಿಹೋಗುತ್ತದೆ. ಕ್ಯೂಎಂಡಿಯಲ್ಲಿ ಪ್ರತಿ ಡಿಕ್ಕಿಯೂ ಬೇರೆಬೇರೆ ಘಟನೆ, ಹಾಗಾಗಿ ಆ ಏರಿಳಿತ ಉಳಿಯುತ್ತದೆ. ತುಣುಕಿನ ಲೆಕ್ಕಕ್ಕೆ ಇದನ್ನೇ ಆರಿಸಿಕೊಳ್ಳಲು ಕಾರಣ ಅದು.

ನಿಲ್ಲುವ ನ್ಯೂಕ್ಲಿಯಸ್

ತ್ರಿಜ್ಯ 1.12 ಫರ್ಮಿಯನ್ನು ದ್ರವ್ಯರಾಶಿ ಸಂಖ್ಯೆಯ ಘನಮೂಲದಿಂದ ಗುಣಿಸಿದಷ್ಟು. ಚಿನ್ನಕ್ಕೆ ಅದು 6.52 ಫರ್ಮಿ. ಆ ಗೋಳದೊಳಗೆ ಕೇಂದ್ರಗಳನ್ನು ಯಾದೃಚ್ಛಿಕವಾಗಿ ಚೆಲ್ಲುತ್ತೇನೆ, ಆದರೆ ಯಾವ ಎರಡು ಕೇಂದ್ರಗಳೂ 1.5 ಫರ್ಮಿಗಿಂತ ಹತ್ತಿರ ಬರಬಾರದು. ಈ ಷರತ್ತು ಇಲ್ಲದಿದ್ದರೆ ಅಲ್ಲಲ್ಲಿ ಗಂಟುಗಳಾಗುತ್ತವೆ, ಮತ್ತು ಆ ಗಂಟುಗಳೇ ಮುಂದೆ ಸುಳ್ಳು ತುಣುಕುಗಳ ಬೀಜ. ಪೊಟ್ಟಣದ ಅಗಲ ಸೂಚಿಸುವ ಎಲ್ ಎಂಬ ಸಂಖ್ಯೆ 1.08 ಚದರ ಫರ್ಮಿ. ಇದರ ಅರ್ಥ ಒಂದು ನ್ಯೂಕ್ಲಿಯಾನಿನ ವರ್ಗಸರಾಸರಿ ತ್ರಿಜ್ಯ 1.8 ಫರ್ಮಿ.

ಇಲ್ಲಿ ಒಂದು ಸುಲಭದ ತಾಳೆ ಇದೆ. ಕೇಂದ್ರಗಳು ಸಮನಾಗಿ ಹರಡಿದ್ದರೆ ಅವುಗಳ ವರ್ಗಸರಾಸರಿ ತ್ರಿಜ್ಯ 5.05 ಫರ್ಮಿ. ಪೊಟ್ಟಣದ ಅಗಲವನ್ನು ವರ್ಗದಲ್ಲಿ ಕೂಡಿಸಿದರೆ 5.36 ಬರುತ್ತದೆ. ಎಲೆಕ್ಟ್ರಾನ್ ಚದುರಿಕೆಯಿಂದ ತಿಳಿದ ಚಿನ್ನದ ವಿದ್ಯುದಂಶ ತ್ರಿಜ್ಯ ಸುಮಾರು 5.44. ಇಷ್ಟು ಹತ್ತಿರ ಬಂದರೆ ಸಾಕು. ಅಗಲ ಕೂಡಿಸುವುದನ್ನು ಮರೆತು, ತ್ರಿಜ್ಯ ಸಣ್ಣದಾಯಿತೆಂದು ಗೋಳವನ್ನೇ ಹಿಗ್ಗಿಸುವುದು ಸಾಮಾನ್ಯ ತಪ್ಪು. ಆಗ ಮೇಲ್ಮೈ ತೆಳುವಾಗಿ ನ್ಯೂಕ್ಲಿಯಾನ್‌ಗಳು ಸೋರತೊಡಗುತ್ತವೆ. ಎಲ್‌ನ ಬೆಲೆಯನ್ನು ಬೇರೆಯವರ ಕೋಡಿನಿಂದ ಎತ್ತಿಕೊಳ್ಳುವಾಗ ಗೌಸಿಯನ್‌ನ ವ್ಯಾಖ್ಯೆಯನ್ನೂ ಜತೆಗೇ ನೋಡಬೇಕು. 1.08 ಎಂಬುದೂ 4.33 ಎಂಬುದೂ ಒಂದೇ ಅಗಲ. ಮೊದಲನೆಯದನ್ನು 4ರಿಂದ ಗುಣಿಸಿ ಬರೆಯುವ ರೂಢಿ ಇದೆ. ಕ್ಯೂಎಂಡಿಯ ಐಕ್ಯೂಎಂಡಿ ಎಂಬ ರೂಪದಲ್ಲಿ ಕ್ಯಾಲ್ಸಿಯಮ್ಮಿಗೆ 4.33, ಚಿನ್ನಕ್ಕೆ 8.66 ಬಳಸುತ್ತಾರೆ. ಅಗಲ ಹೆಚ್ಚಿದರೆ ಪೊಟ್ಟಣಗಳ ಸೆಳೆತ ಇನ್ನಷ್ಟು ದೂರಕ್ಕೆ ಚಾಚುತ್ತದೆ, ಮೇಲ್ಮೈಯ ಸ್ವಭಾವ ಬದಲಾಗುತ್ತದೆ, ಮಧ್ಯಮ ತುಣುಕುಗಳ ಸಂಖ್ಯೆಯೂ ಬದಲಾಗುತ್ತದೆ. ಎಲ್ ಅನ್ನು ಪ್ರಯೋಗದ ಅಂಕಿಗೆ ಸರಿಹೊಂದಿಸುವ ತಿರುಪಿನಂತೆ ತಿರುಗಿಸುವುದನ್ನು ನಾನು ಒಪ್ಪುವುದಿಲ್ಲ. ನ್ಯೂಕ್ಲಿಯಸ್ ನಿಲ್ಲುವ ಬೆಲೆಯೊಂದನ್ನು ಆರಿಸಿ ಅಲ್ಲೇ ಬಿಡಬೇಕು.

ಸಂವೇಗಗಳನ್ನು ಸ್ಥಳೀಯ ಫರ್ಮಿ ಗೋಳದಿಂದ, ಅಂದರೆ ಆ ಜಾಗದ ಸಾಂದ್ರತೆ ಅನುಮತಿಸುವ ಸಂವೇಗಗಳ ಗೋಳದಿಂದ, ಆರಿಸುತ್ತೇನೆ. ಆ ಜಾಗದಲ್ಲಿ ನ್ಯೂಕ್ಲಿಯಾನಿಗಿರುವ ವಿಭವ ಶಕ್ತಿಗಿಂತ ಅದರ ಚಲನಶಕ್ತಿ ಹೆಚ್ಚಾಗಬಾರದು, ಹೆಚ್ಚಾದರೆ ಅದು ಮೊದಲ ಹೆಜ್ಜೆಯಲ್ಲೇ ಹಾರಿಹೋಗುತ್ತದೆ. ಎಲ್ಲ ಆಯ್ಕೆಯಾದ ಮೇಲೆ ಒಟ್ಟು ಸಂವೇಗವನ್ನು ಸೊನ್ನೆಗೆ ತರಬೇಕು. ಒಟ್ಟು ಕೋನೀಯ ಸಂವೇಗ ದೊಡ್ಡದಿದ್ದರೆ ಆ ಜೋಡಣೆಯನ್ನೇ ಎಸೆಯಬೇಕು. ಕೊನೆಗೆ ಬಂಧನ ಶಕ್ತಿ. ಚಿನ್ನಕ್ಕೆ ನ್ಯೂಕ್ಲಿಯಾನೊಂದಕ್ಕೆ 7.9 ಎಂಇವಿ ಇರಬೇಕು. ನಾನು ಅದರ ಆಚೀಚೆ ಅರ್ಧ ಎಂಇವಿಯೊಳಗೆ ಬಂದ ಜೋಡಣೆಗಳನ್ನು ಮಾತ್ರ ಇಟ್ಟುಕೊಳ್ಳುತ್ತೇನೆ. ಬಹಳಷ್ಟು ಜೋಡಣೆಗಳು ಕಸದ ಬುಟ್ಟಿಗೆ ಹೋಗುತ್ತವೆ, ಹೋಗಲಿ. ಒಳ್ಳೆಯ ಜೋಡಣೆಗಳ ಒಂದು ಭಂಡಾರ ಮಾಡಿಟ್ಟು, ಪ್ರತಿ ಘಟನೆಗೂ ಅದರಿಂದ ಎರಡನ್ನು ತೆಗೆದು, ಯಾದೃಚ್ಛಿಕವಾಗಿ ತಿರುಗಿಸಿ ಬಳಸಿದರೆ ಹೊತ್ತು ಉಳಿಯುತ್ತದೆ. ತಿರುಗಿಸುವುದನ್ನು ಬಿಟ್ಟರೆ ಭಂಡಾರದ ಪುನರಾವರ್ತನೆ ಫಲಿತಾಂಶದಲ್ಲಿ ಇಣುಕುತ್ತದೆ.

ನ್ಯೂಕ್ಲಿಯಸ್ಸನ್ನು ಇನ್ನಷ್ಟು ಗಟ್ಟಿಗೊಳಿಸಲು ಘರ್ಷಣೆಯ ಪದವೊಂದನ್ನು ಸೇರಿಸಿ ತಣಿಸಿಬಿಡೋಣ ಎಂಬ ಆಸೆ ಬರುತ್ತದೆ. ಸಾದಾ ಕ್ಯೂಎಂಡಿಯಲ್ಲಿ ಹಾಗೆ ಮಾಡಬಾರದು. ಅದರ ಅತಿ ಕಡಿಮೆ ಶಕ್ತಿಯ ಸ್ಥಿತಿಯಲ್ಲಿ ನ್ಯೂಕ್ಲಿಯಾನ್‌ಗಳು ಚಲನೆಯನ್ನೇ ಕಳೆದುಕೊಂಡು ಹರಳಿನಂತೆ ಹೆಪ್ಪುಗಟ್ಟುತ್ತವೆ. ಫರ್ಮಿ ಚಲನೆ, ಅಂದರೆ ನ್ಯೂಕ್ಲಿಯಾನ್‌ಗಳಿಗೆ ಸದಾ ಇರುವ ಒಳಚಲನೆ, ಹೋದ ಮೇಲೆ ಅದು ನ್ಯೂಕ್ಲಿಯಸ್ ಅಲ್ಲ. ತಣಿಸುವುದಾದರೆ ಪೌಲಿ ನಿಷೇಧವನ್ನು ವಿಭವವಾಗಿಯೋ ನಿರ್ಬಂಧವಾಗಿಯೋ ಒಳಗೊಂಡ ರೂಪಗಳಿಗೆ ಹೋಗಬೇಕು. ಪಾಪಾ, ಮಾರುಯಾಮಾ ಮತ್ತು ಬೊನಸೇರಾ 2001ರಲ್ಲಿ ಕೊಟ್ಟ ನಿರ್ಬಂಧಿತ ರೂಪ ಅಂಥದ್ದು.

ಬಲದ ಲೆಕ್ಕದಲ್ಲಿ ಎಡವುವ ಜಾಗ

ನ್ಯೂಕ್ಲಿಯಾನ್‌ಗಳ ನಡುವಿನ ಸೆಳೆತ, ವಿಕರ್ಷಣೆಗಳನ್ನು ಸಾಂದ್ರತೆಯ ಮೂಲಕ ಬರೆಯುವ ಸ್ಕಿರ್ಮ್ ವಿಭವಕ್ಕೆ ಮೂರು ಸಂಖ್ಯೆಗಳು ಬೇಕು. ಸಾಂದ್ರತೆ ಬದಲಾದಂತೆ ದ್ರವ್ಯದ ಶಕ್ತಿ ಹೇಗೆ ಬದಲಾಗುತ್ತದೆ ಎಂದು ಹೇಳುವುದು ಸ್ಥಿತಿ ಸಮೀಕರಣ. ಮೃದು ಸ್ಥಿತಿ ಸಮೀಕರಣಕ್ಕೆ, ಅಂದರೆ ಅಮುಕುವಿಕೆಗೆ ಒಡ್ಡುವ ಪ್ರತಿರೋಧ 200 ಎಂಇವಿ ಇದ್ದಾಗ, ಆಲ್ಫಾ −356 ಎಂಇವಿ, ಬೀಟಾ 303 ಎಂಇವಿ, ಗಾಮಾ 7/6. ಗಡಸು ಸ್ಥಿತಿಗೆ, ಪ್ರತಿರೋಧ 380 ಎಂಇವಿ ಇದ್ದಾಗ, −124, 70.5 ಮತ್ತು 2. ಎರಡರಲ್ಲೂ ಸಹಜ ಸಾಂದ್ರತೆಯಲ್ಲಿ ವಿಭವ ಶಕ್ತಿ ನ್ಯೂಕ್ಲಿಯಾನಿಗೆ −38 ಎಂಇವಿ ಆಸುಪಾಸು ಬರುತ್ತದೆ. ಫರ್ಮಿ ಚಲನೆಯ ಸರಾಸರಿ 22 ಎಂಇವಿ ಚಿಲ್ಲರೆ ಕೂಡಿಸಿದರೆ ಅನಂತ ದ್ರವ್ಯದ −16 ಸಿಗುತ್ತದೆ. ಕೋಡಿನಲ್ಲಿ ಸಂಖ್ಯೆ ತುಂಬಿದೊಡನೆ ಈ ಕೂಡುಲೆಕ್ಕವನ್ನು ಕೈಯಲ್ಲಿ ಮಾಡಿ ನೋಡಿ. ಸಂವೇಗ ಅವಲಂಬಿತ ಪದವನ್ನು ಸೇರಿಸುವವರು ಈ ಮೂರನ್ನೂ ಬದಲಿಸಬೇಕು: ಮೃದುವಿಗೆ −390, 320, 1.14, ಗಡಸಿಗೆ −130, 59, 2.09. ಹಳೆಯ ಮೂರನ್ನು ಹಾಗೇ ಇಟ್ಟು ಹೊಸ ಪದವನ್ನು ಮೇಲೆ ಹೇರಿದರೆ ವಿಕರ್ಷಣೆ ಎರಡು ಸಲ ಲೆಕ್ಕಕ್ಕೆ ಬಂದಂತಾಗಿ ನ್ಯೂಕ್ಲಿಯಸ್ ನಿಂತಲ್ಲೇ ಉಬ್ಬಿ ಒಡೆಯುತ್ತದೆ.

ಬೀಟಾ ಪದದ, ಅಂದರೆ ವಿಕರ್ಷಣೆಯ ಪದದ, ಬಲದಲ್ಲಿ ಎಲ್ಲರೂ ಒಮ್ಮೆಯಾದರೂ ಎಡವುತ್ತಾರೆ. ಒಂದು ನ್ಯೂಕ್ಲಿಯಾನ್ ಸರಿದರೆ ಅದು ಕಾಣುವ ಸಾಂದ್ರತೆ ಬದಲಾಗುತ್ತದೆ. ಜತೆಗೆ ಅದರ ನೆರೆಯವರು ಕಾಣುವ ಸಾಂದ್ರತೆಯೂ ಬದಲಾಗುತ್ತದೆ. ಆದ್ದರಿಂದ ಬಲದಲ್ಲಿ ತನ್ನ ಸಾಂದ್ರತೆಯ ಘಾತ ಒಂದು, ನೆರೆಯವನ ಸಾಂದ್ರತೆಯ ಘಾತ ಇನ್ನೊಂದು, ಎರಡೂ ಕೂಡಿ ಬರಬೇಕು. ಘಾತದ ಸೂಚಿ ಗಾಮಾಕ್ಕಿಂತ ಒಂದು ಕಡಿಮೆ. ಎರಡನೆಯದನ್ನು ಮರೆತರೆ ಕ್ರಿಯೆಗೆ ಪ್ರತಿಕ್ರಿಯೆ ಸಮನಾಗುವುದಿಲ್ಲ, ಒಟ್ಟು ಸಂವೇಗ ನಿಧಾನವಾಗಿ ಜಾರುತ್ತದೆ, ಶಕ್ತಿಯೂ ಉಳಿಯುವುದಿಲ್ಲ. ಪತ್ತೆಗೆ ಸುಲಭ ದಾರಿ: ಚದುರಿಕೆಯನ್ನು ಪೂರ್ತಿ ನಿಲ್ಲಿಸಿ, ಬರೀ ವಿಭವದಲ್ಲಿ ಒಂದು ಘಟನೆ ಓಡಿಸಿ, ಒಟ್ಟು ಶಕ್ತಿಯನ್ನು ಪ್ರತಿ ಹೆಜ್ಜೆಯಲ್ಲೂ ಬರೆದುಕೊಳ್ಳಿ. ಕಾಲದ ಹೆಜ್ಜೆಯನ್ನು 0.2ರಿಂದ 0.1 ಫರ್ಮಿ/ಸಿಗೆ ಇಳಿಸಿದಾಗ ಜಾರುವಿಕೆ ಕಡಿಮೆಯಾದರೆ ಅದು ಹೆಜ್ಜೆಯ ಒರಟುತನ. ಹಾಗೇ ಉಳಿದರೆ ಬಲದ ಸೂತ್ರವೇ ತಪ್ಪು.

ಕೆಲಸದ ಗಾತ್ರ ಎಷ್ಟೆಂದರೆ, ಚಿನ್ನ–ಚಿನ್ನ ಡಿಕ್ಕಿಯಲ್ಲಿ 394 ನ್ಯೂಕ್ಲಿಯಾನ್, 77,421 ಜೋಡಿ. 0.2ರ ಹೆಜ್ಜೆಯಲ್ಲಿ 300 ಫರ್ಮಿ/ಸಿ ತಲುಪಲು 1500 ಹೆಜ್ಜೆ. ಪ್ರತಿ ಹೆಜ್ಜೆಗೆ ಬಲವನ್ನು ಒಂದೇ ಸಲ ಲೆಕ್ಕ ಹಾಕಿದರೂ ಸುಮಾರು 11.6 ಕೋಟಿ ಜೋಡಿ ಲೆಕ್ಕ, ನಾಲ್ಕನೇ ದರ್ಜೆಯ ರುಂಗೆ–ಕುಟ್ಟ ಬಳಸಿದರೆ ಅದರ ನಾಲ್ಕರಷ್ಟು. ಮೊದಲ ಸುತ್ತಿನಲ್ಲಿ ಸಾಂದ್ರತೆಗಳು, ಎರಡನೆಯ ಸುತ್ತಿನಲ್ಲಿ ಬಲಗಳು ಎಂದು ಬೇರ್ಪಡಿಸಿ, ದೂರಗಳನ್ನು ಕೂಡಿಟ್ಟುಕೊಳ್ಳುವುದು ಲಾಭದಾಯಕ. ಗೌಸಿಯನ್ ಪದಗಳನ್ನು ದೂರ ಹೆಚ್ಚಾದಾಗ ಕತ್ತರಿಸಬಹುದು. ಕೂಲಂಬ್ ಪದವನ್ನು, ಅಂದರೆ ಪ್ರೋಟಾನ್‌ಗಳ ವಿದ್ಯುತ್ ವಿಕರ್ಷಣೆಯನ್ನು, ಮಾತ್ರ ಎಂದಿಗೂ ಕತ್ತರಿಸಬಾರದು.

ಡಿಕ್ಕಿಗೆ ಇಳಿಸುವಾಗ

ಸಮಾನ ನ್ಯೂಕ್ಲಿಯಸ್‌ಗಳಿದ್ದರೆ ದ್ರವ್ಯರಾಶಿ ಕೇಂದ್ರದ ಚೌಕಟ್ಟಿನಲ್ಲಿ ಓಡಿಸುತ್ತೇನೆ. 100 ಎಂಇವಿಯ ಡಿಕ್ಕಿಯಲ್ಲಿ ಆ ಚೌಕಟ್ಟಿನಲ್ಲಿ ಪ್ರತಿ ನ್ಯೂಕ್ಲಿಯಾನಿನ ಸಂವೇಗ 217 ಎಂಇವಿ/ಸಿ, ವೇಗ ಬೆಳಕಿನ 0.225 ಪಾಲು, ಲಭ್ಯ ಶಕ್ತಿ ನ್ಯೂಕ್ಲಿಯಾನಿಗೆ ಸುಮಾರು 25 ಎಂಇವಿ ಮಾತ್ರ. ಹೆಸರಿನಲ್ಲಿ 100 ಇದೆಯೆಂದು ಅಷ್ಟೂ ಒಡೆಯಲು ಸಿಗುವುದಿಲ್ಲ. ಎರಡು ಫರ್ಮಿ ಗೋಳಗಳ ಕೇಂದ್ರಗಳ ನಡುವಿನ ಅಂತರ 433 ಎಂಇವಿ/ಸಿ, ಗೋಳದ ವ್ಯಾಸ ಸುಮಾರು 530. ಅಂದರೆ ಎರಡು ಗೋಳಗಳು ಇನ್ನೂ ಒಂದರೊಳಗೊಂದು ಹೊಕ್ಕಿವೆ. ಪೌಲಿ ನಿಷೇಧ ಈ ಶಕ್ತಿಯಲ್ಲಿ ಏಕೆ ಅಷ್ಟು ನಿರ್ಣಾಯಕ ಎಂಬುದು ಈ ಎರಡು ಸಂಖ್ಯೆಗಳಿಂದಲೇ ತಿಳಿಯುತ್ತದೆ.

ಚದುರಿಕೆಗೆ ಕ್ಯೂಗ್ನಾನ್ ಕೊಟ್ಟ ಅಡ್ಡಛೇದ (ಚದುರುವ ಸಂಭವವನ್ನು ಸೂಚಿಸುವ ವಿಸ್ತೀರ್ಣ) ಬಳಸುತ್ತೇನೆ, ಗರಿಷ್ಠ 55 ಮಿಲಿಬಾರ್ನ್, ಅಂದರೆ 5.5 ಚದರ ಫರ್ಮಿ. ಅದರ ಪ್ರಕಾರ ಎರಡು ಕೇಂದ್ರಗಳು 1.32 ಫರ್ಮಿಯೊಳಗೆ ಹಾಯ್ದುಹೋದರೆ ಚದುರಿಕೆಯ ಪ್ರಯತ್ನ. ದ್ರವ್ಯದೊಳಗೆ ಅಡ್ಡಛೇದ ಕುಗ್ಗುತ್ತದೆ. ಸಹಜ ಸಾಂದ್ರತೆಯಲ್ಲಿ ಶೇ 20 ಕಡಿತ ಎಂಬ ಸರಳ ರೂಪ ಬಳಕೆಯಲ್ಲಿದೆ. ಚದುರಿದ ಮೇಲೆ ಇಬ್ಬರೂ ಸೇರುವ ಜಾಗ ಹಂತಾವಕಾಶದಲ್ಲಿ (ಸ್ಥಾನ, ಸಂವೇಗ ಎರಡನ್ನೂ ಸೇರಿಸಿ ನೋಡಿದಾಗ) ಎಷ್ಟು ತುಂಬಿದೆ ಎಂದು ನೋಡಿ, ಎರಡೂ ಖಾಲಿಯಿರುವ ಸಂಭವ ಎಷ್ಟೋ ಅಷ್ಟು ಮಟ್ಟಿಗೆ ಒಪ್ಪಿಗೆ. ಪರೀಕ್ಷೆ ಮತ್ತೆ ಅದೇ ಒಂಟಿ ನ್ಯೂಕ್ಲಿಯಸ್: ಅದರೊಳಗಿನ ಪ್ರತಿಯೊಂದು ಪ್ರಯತ್ನವೂ ತತ್ತ್ವತಃ ನಿಷಿದ್ಧ. ನೂರಕ್ಕೆ 95ಕ್ಕಿಂತ ಕಡಿಮೆ ನಿಷೇಧ ಕಂಡರೆ ನಾನು ಮುಂದೆ ಹೋಗುವುದಿಲ್ಲ. ಸೋರಿಕೆ ಹೆಚ್ಚಾಗಿ ಮೇಲ್ಮೈಯಲ್ಲಿ ಆಗುತ್ತದೆ. ಅಲ್ಲಿ ಹೊರಗಿನ ಅರ್ಧ ಜಾಗ ಖಾಲಿ ಎಂದು ಕೋಡು ತಿಳಿಯುತ್ತದೆ, ಆದರೆ ಶಕ್ತಿಯ ದೃಷ್ಟಿಯಿಂದ ಆ ಜಾಗ ನ್ಯೂಕ್ಲಿಯಾನಿಗೆ ನಿಲುಕುವುದೇ ಇಲ್ಲ. ಮೇಲ್ಮೈಗೆ ಪ್ರತ್ಯೇಕ ತಿದ್ದುಪಡಿ ಬೇಕು.

ಇನ್ನು ಆರಂಭದ ಅಂತರ. ಚಿನ್ನ–ಚಿನ್ನ ಮೇಲ್ಮೈಗಳು ಮುಟ್ಟುವ 13 ಫರ್ಮಿ ದೂರದಲ್ಲಿ ಕೂಲಂಬ್ ಶಕ್ತಿ ಸುಮಾರು 690 ಎಂಇವಿ. 100 ಎಂಇವಿಯ ಡಿಕ್ಕಿಯಲ್ಲಿ ಅದು ಲಭ್ಯ ಶಕ್ತಿಯ ಶೇ 7, 35 ಎಂಇವಿಯ ಡಿಕ್ಕಿಯಲ್ಲಿ ಶೇ 20. ಹಾಗಾಗಿ ಕಡಿಮೆ ಶಕ್ತಿಯಲ್ಲಿ ನೇರ ಗೆರೆಯಲ್ಲಿ ತಂದು ಹತ್ತಿರ ಬಿಡುವಂತಿಲ್ಲ. ದೂರದಿಂದ, ಕೂಲಂಬ್ ತಳ್ಳಾಟದಿಂದ ಬಾಗುವ ರುದರ್‌ಫೋರ್ಡ್ ಪಥದಲ್ಲಿ ಕರೆತಂದು, ಅಲ್ಲಿಂದ ಮುಂದಕ್ಕೆ ಕ್ಯೂಎಂಡಿಗೆ ಒಪ್ಪಿಸಬೇಕು.

ತುಣುಕು ಯಾವುದು?

ಲೆಕ್ಕ ಮುಗಿದಾಗ ಕೈಯಲ್ಲಿರುವುದು 394 ಸ್ಥಾನಗಳು ಮತ್ತು 394 ಸಂವೇಗಗಳು. ಅವುಗಳಲ್ಲಿ ತುಣುಕು ಎಂಬ ಗುರುತು ಎಲ್ಲೂ ಇಲ್ಲ. ಯಾವ ನ್ಯೂಕ್ಲಿಯಾನ್ ಯಾರ ಜತೆ ಎಂದು ನಾವೇ ನಿರ್ಧರಿಸಬೇಕು, ಮತ್ತು ಆ ನಿರ್ಧಾರವೇ ಫಲಿತಾಂಶದ ಅರ್ಧ ಭಾಗ. ಇದನ್ನು ಅಡಿಟಿಪ್ಪಣಿಯಲ್ಲಿ ಮುಗಿಸಿ, ಸ್ಥಿತಿ ಸಮೀಕರಣದ ಬಗ್ಗೆ ದೊಡ್ಡ ತೀರ್ಮಾನಕ್ಕೆ ಬರುವ ಲೆಕ್ಕಗಳನ್ನು ನಾನು ನಂಬುವುದಿಲ್ಲ.

ಸರಳ ದಾರಿ ಮಿನಿಮಮ್ ಸ್ಪ್ಯಾನಿಂಗ್ ಟ್ರೀ, ಎಂಎಸ್‌ಟಿ. ಎರಡು ಕೇಂದ್ರಗಳ ಅಂತರ 4 ಫರ್ಮಿಗಿಂತ ಕಡಿಮೆಯಿದ್ದರೆ ಅವು ನಂಟರು. ನಂಟರ ನಂಟರೂ ಅದೇ ಕುಟುಂಬ. ಐವತ್ತು ಸಾಲಿನ ಕೋಡು ಸಾಕು. ಆದರೆ ಅದಕ್ಕೆ ದೂರ ಮಾತ್ರ ಗೊತ್ತು, ವೇಗ ಗೊತ್ತಿಲ್ಲ. 100 ಎಂಇವಿಯಲ್ಲಿ ಎರಡು ನ್ಯೂಕ್ಲಿಯಸ್‌ಗಳು ಪರಸ್ಪರ ಹಾಯ್ದುಹೋಗಲು ಸುಮಾರು 56 ಫರ್ಮಿ/ಸಿ ಬೇಕು. ಆ ಹೊತ್ತಿನಲ್ಲಿ ಎಂಎಸ್‌ಟಿ ಕಾಣುವುದು ಒಂದೇ ದೊಡ್ಡ ಮುದ್ದೆ. ಮುದ್ದೆ ಹಿಗ್ಗಿ, ತುಣುಕುಗಳ ನಡುವೆ 4 ಫರ್ಮಿಗಿಂತ ಹೆಚ್ಚು ಖಾಲಿ ಜಾಗ ಮೂಡಿದ ಮೇಲಷ್ಟೇ ಅದಕ್ಕೆ ಅವು ಬೇರೆಬೇರೆ ಎಂದು ತಿಳಿಯುತ್ತದೆ. ಅದಕ್ಕೆ 200ರಿಂದ 300 ಫರ್ಮಿ/ಸಿ ಕಾಯಬೇಕು. ಕಾದಷ್ಟೂ ಇನ್ನೊಂದು ತೊಂದರೆ ಬೆಳೆಯುತ್ತದೆ: ಕ್ಯೂಎಂಡಿ ತುಣುಕುಗಳು ನಿಜವಾದ ತುಣುಕುಗಳಿಗಿಂತ ಸಡಿಲ, ತಾವಾಗಿಯೇ ನ್ಯೂಕ್ಲಿಯಾನ್ ಉದುರಿಸುತ್ತಿರುತ್ತವೆ. ಬೇಗ ನೋಡಿದರೆ ಅಂಟಿಕೊಂಡಿವೆ, ತಡವಾಗಿ ನೋಡಿದರೆ ಸೋರಿಹೋಗಿವೆ.

ಅಂತರದ ಮಿತಿಯನ್ನು 3, 3.5, 4, 5 ಫರ್ಮಿ ಎಂದು ಬದಲಿಸಿ, ಪ್ರತಿ 20 ಫರ್ಮಿ/ಸಿಗೊಮ್ಮೆ ಮಧ್ಯಮ ತುಣುಕುಗಳ ಸರಾಸರಿ ಸಂಖ್ಯೆಯನ್ನು ಗೀಚುತ್ತೇನೆ. ನಡುವಣ, ಅಂದರೆ ನೇರಾನೇರ, ಡಿಕ್ಕಿಗಳಲ್ಲಿ ಗೆರೆಗಳು ಮೊದಲು ದೂರದೂರ ಇದ್ದು ಕೊನೆಗೆ ಹತ್ತಿರ ಸೇರಬೇಕು. ಸೇರದಿದ್ದರೆ ಓಟ ಸಾಲದು ಎಂದರ್ಥ. ಅಂಚಿನ ಡಿಕ್ಕಿಗಳಲ್ಲಿ ಅವು ಸೇರುವುದು ಕಷ್ಟ. ಅಲ್ಲಿ ಉಳಿಕೆ ನ್ಯೂಕ್ಲಿಯಸ್ ನಿಧಾನವಾಗಿ ಒಡೆಯುತ್ತದೆ, ಚೂರುಗಳು ಒಟ್ಟಿಗೇ ಒಂದೇ ದಿಕ್ಕಿಗೆ ಸಾಗುತ್ತವೆ, ಎಂಎಸ್‌ಟಿ ಅವನ್ನು ಒಂದೇ ದೊಡ್ಡ ತುಣುಕೆಂದು ಬಗೆಯುತ್ತದೆ.

ಮೊದಲ ತಿದ್ದುಪಡಿ ಸಂವೇಗದ ಮಿತಿ: ನಂಟರ ನಡುವಿನ ಸಂವೇಗ ವ್ಯತ್ಯಾಸ 150 ಎಂಇವಿ/ಸಿ ಅಥವಾ ಫರ್ಮಿ ಸಂವೇಗದಷ್ಟು, ಸುಮಾರು 268, ಮೀರಬಾರದು. 150 ಇಟ್ಟರೆ ನಿಜವಾದ ತುಣುಕನ್ನೂ ಅದರ ಒಳಗಿನ ಫರ್ಮಿ ಚಲನೆಯ ನೆಪದಲ್ಲಿ ಸೀಳುವ ಅಪಾಯ ಇದೆ. ಎರಡನೆಯದು ಬಂಧನ ಶಕ್ತಿಯ ಪರೀಕ್ಷೆ: ಸಿಕ್ಕಿದ ತುಣುಕಿನ ಸ್ವಂತ ಚೌಕಟ್ಟಿಗೆ ಹೋಗಿ, ಒಳಗಿನ ಚಲನಶಕ್ತಿ ಮತ್ತು ವಿಭವ ಶಕ್ತಿ ಕೂಡಿಸಿ, ನ್ಯೂಕ್ಲಿಯಾನಿಗೆ −4 ಎಂಇವಿಗಿಂತ ಕೆಳಗಿದ್ದರೆ ಮಾತ್ರ ಒಪ್ಪುವುದು. ಮೂರಕ್ಕಿಂತ ಕಡಿಮೆ ನ್ಯೂಕ್ಲಿಯಾನ್ ಇದ್ದರೆ ಮಿತಿ ಸೊನ್ನೆ. ತುಣುಕಿನ ಸ್ವಂತ ಚೌಕಟ್ಟು ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. ಡಿಕ್ಕಿಯ ಚೌಕಟ್ಟಿನಲ್ಲೇ ಚಲನಶಕ್ತಿ ಕೂಡಿಸಿದರೆ ವೇಗವಾಗಿ ಸಾಗುವ ಒಳ್ಳೆಯ ತುಣುಕುಗಳೆಲ್ಲ ಬಂಧನವಿಲ್ಲದವು ಎಂದು ತಿರಸ್ಕಾರವಾಗುತ್ತವೆ.

ಮೂರನೆಯ ದಾರಿ ನನಗೆ ಹೆಚ್ಚು ಮೆಚ್ಚುಗೆಯದು: ಸಿಮ್ಯುಲೇಟೆಡ್ ಅನೀಲಿಂಗ್ ಮೂಲಕ ತುಣುಕು ಗುರುತಿಸುವುದು, ಚಿಕ್ಕದಾಗಿ ಸಾಕಾ (ಇಂಗ್ಲಿಷಿನಲ್ಲಿ SACA). ಇದರ ಮೂಲ ಆಲೋಚನೆ ಡೋರ್ಸೊ ಮತ್ತು ರಾಂಡ್ರಪ್ 1993ರಲ್ಲಿ ಕೊಟ್ಟದ್ದು. ದೊಡ್ಡ ವ್ಯವಸ್ಥೆಗಳಿಗೆ ಒಗ್ಗುವಂತೆ ಬೆಳೆಸಿದವರು ರಾಜೀವ್ ಪುರಿ, ಹಾರ್ಟ್‌ನ್ಯಾಕ್ ಮತ್ತು ಐಷೆಲಿನ್. ನ್ಯೂಕ್ಲಿಯಾನ್‌ಗಳನ್ನು ಗುಂಪು ಮಾಡುವ ಎಲ್ಲ ಬಗೆಗಳಲ್ಲಿ, ಗುಂಪುಗಳ ಒಳಗಿನ ಶಕ್ತಿಗಳ ಮೊತ್ತ ಅತಿ ಕಡಿಮೆಯಾಗುವ ಬಗೆಯೇ ನಿಜವಾದ ಹಂಚಿಕೆ ಎಂಬುದು ಅದರ ನಿಲುವು. ಗುಂಪುಗಳ ನಡುವಿನ ಸೆಳೆತ ಲೆಕ್ಕಕ್ಕಿಲ್ಲ. ನಾನು ಎಂಎಸ್‌ಟಿ ಕೊಟ್ಟ ಹಂಚಿಕೆಯಿಂದ ಹೊರಟು, ಒಂದು ನ್ಯೂಕ್ಲಿಯಾನನ್ನು ಒಂದು ಗುಂಪಿನಿಂದ ಇನ್ನೊಂದಕ್ಕೆ ವರ್ಗಾಯಿಸಿ ನೋಡುತ್ತೇನೆ. ಮೊತ್ತ ಇಳಿದರೆ ಒಪ್ಪಿಗೆ. ಏರಿದರೆ, ಏರಿಕೆಯನ್ನು ಕೃತಕ ತಾಪಮಾನದಿಂದ ಭಾಗಿಸಿದ ಘಾತೀಯ ಸಂಭವದಷ್ಟು ಒಪ್ಪಿಗೆ. ತಾಪಮಾನವನ್ನು ಮೆಲ್ಲಗೆ ಇಳಿಸುತ್ತಾ ಹೋಗುವುದು.

ಒಂಟಿ ವರ್ಗಾವಣೆಯಿಂದಷ್ಟೇ ಈ ಹುಡುಕಾಟ ಮುಗಿಯುವುದಿಲ್ಲ. ಒಂದು ಆಲ್ಫಾ ಕಣದಂಥ (ಎರಡು ಪ್ರೋಟಾನ್, ಎರಡು ನ್ಯೂಟ್ರಾನ್) ಗುಂಪು ಪೂರ್ತಿಯಾಗಿ ಜಾಗ ಬದಲಿಸಿದರೆ ಶಕ್ತಿ ಇಳಿಯುತ್ತದೆ, ಆದರೆ ಅದರ ನ್ಯೂಕ್ಲಿಯಾನ್‌ಗಳನ್ನು ಒಂದೊಂದಾಗಿ ಸಾಗಿಸಲು ಹೋದರೆ ನಡುವೆ ಎತ್ತರದ ಗುಡ್ಡ ಅಡ್ಡ ಬರುತ್ತದೆ. ಆದ್ದರಿಂದ ಎರಡನೆಯ ಹಂತದಲ್ಲಿ ಇಡೀ ಗುಂಪುಗಳನ್ನೇ ಬೆಸೆದು, ಬಿಡಿಸಿ ನೋಡಬೇಕು. ಸಿಕ್ಕಿದ ಕನಿಷ್ಠ ನಿಜವಾದ ಕನಿಷ್ಠವೇ ಎಂದು ತಿಳಿಯಲು ಅದೇ ಘಟನೆಯನ್ನು ಬೇರೆಬೇರೆ ಯಾದೃಚ್ಛಿಕ ಬೀಜಗಳಿಂದ (ಯಾದೃಚ್ಛಿಕ ಸಂಖ್ಯೆಗಳ ಸರಣಿಯನ್ನು ಹೊರಡಿಸುವ ಸಂಖ್ಯೆಗಳಿಂದ) ಐದಾರು ಸಲ ತಣಿಸುತ್ತೇನೆ. ಮೊತ್ತ ಶಕ್ತಿಗಳು ಒಂದೇ ಬರಬೇಕು. ಬೇರೆ ಬಂದರೆ ತಣಿಸಿದ್ದು ಆತುರವಾಯಿತು.

ಸಾಕಾದ ದೊಡ್ಡ ಲಾಭ ಸಮಯ. 600 ಎಂಇವಿಯ ಡಿಕ್ಕಿಯಲ್ಲಿ ಸುಮಾರು 60 ಫರ್ಮಿ/ಸಿಯಲ್ಲೇ, ದ್ರವ್ಯ ಇನ್ನೂ ಒತ್ತಾಗಿರುವಾಗಲೇ, ಅದು ತುಣುಕುಗಳನ್ನು ಗುರುತಿಸುತ್ತದೆ. ಅಲಾದೀನ್ ಅಳೆದ ಪ್ರೇಕ್ಷಕ ದ್ರವ್ಯದ, ಅಂದರೆ ಡಿಕ್ಕಿಯಲ್ಲಿ ನೇರವಾಗಿ ಪಾಲ್ಗೊಳ್ಳದೆ ಮುಂದೆ ಸಾಗುವ ಭಾಗದ, ಒಡೆಯುವಿಕೆಯನ್ನು ಎಂಎಸ್‌ಟಿ ಹಿಡಿಯಲಾರದೆ ಸೋತ ಕಡೆ ಸಾಕಾ ಹಿಡಿದದ್ದು ಇದೇ ಕಾರಣಕ್ಕೆ. ಅಷ್ಟು ಬೇಗ ಕಂಡ ತುಣುಕು ನಿಜವೇ ಎಂದು ಅನುಮಾನಿಸುವುದು ಸರಿಯಾದ ಅನುಮಾನ. ಅದಕ್ಕಾಗಿ ಪ್ರತಿ ನ್ಯೂಕ್ಲಿಯಾನಿಗೂ ಗುರುತಿನ ಸಂಖ್ಯೆ ಕೊಟ್ಟು, 60ರಲ್ಲಿ ಒಟ್ಟಿಗಿದ್ದವರಲ್ಲಿ ಎಷ್ಟು ಜನ 80ರಲ್ಲಿ, 100ರಲ್ಲಿ, 200ರಲ್ಲಿ ಇನ್ನೂ ಒಟ್ಟಿಗಿದ್ದಾರೆ ಎಂದು ಎಣಿಸುತ್ತೇನೆ. ಸದಸ್ಯರು ಬದಲಾಗುತ್ತಲೇ ಇದ್ದು ಸಂಖ್ಯೆ ಮಾತ್ರ ಸ್ಥಿರವಾಗಿದ್ದರೆ ಅದು ತುಣುಕಲ್ಲ, ಕಾಕತಾಳೀಯ.

ಪ್ರಯೋಗದ ಎದುರು ಇಡುವ ಮುನ್ನ

ಅಡ್ಡ ದೂರ, ಅಂದರೆ ಇಂಪ್ಯಾಕ್ಟ್ ಪ್ಯಾರಾಮೀಟರ್ (ಎದುರುಬದುರು ಬರುವ ನ್ಯೂಕ್ಲಿಯಸ್‌ಗಳ ಕೇಂದ್ರಗಳ ದಾರಿಗಳ ನಡುವಿನ ಅಂತರ), ಸೊನ್ನೆಯಿಂದ 13 ಫರ್ಮಿವರೆಗೆ. ಪ್ರಕೃತಿಯಲ್ಲಿ 3 ಫರ್ಮಿಯೊಳಗಿನ ಡಿಕ್ಕಿಗಳ ಪಾಲು ಶೇ 5ರಷ್ಟು ಮಾತ್ರ. ಎಲ್ಲ ದೂರಗಳಿಗೂ ಸಮ ಸಂಖ್ಯೆಯ ಘಟನೆ ಓಡಿಸುವುದು ಜಾಣತನವೇ, ಆದರೆ ಸರಾಸರಿ ತೆಗೆಯುವಾಗ ಪ್ರತಿಯೊಂದಕ್ಕೂ ಅಡ್ಡ ದೂರಕ್ಕೆ ಅನುಗುಣವಾದ ತೂಕ ಕೊಡಬೇಕು. ಹಾಗೆಯೇ, ಮಾದರಿಯಲ್ಲಿ ನಮಗೆ ಅಡ್ಡ ದೂರ ಗೊತ್ತಿದೆ, ಪ್ರಯೋಗದಲ್ಲಿ ಗೊತ್ತಿಲ್ಲ. ಅಲ್ಲಿ ಅದನ್ನು ಒಟ್ಟು ವಿದ್ಯುದಂಶಯುತ ಕಣಗಳ ಸಂಖ್ಯೆಯಿಂದಲೋ, ಅಲಾದೀನ್ ಮಾಡಿದಂತೆ ವಿದ್ಯುದಂಶ 2 ಮತ್ತು ಮೇಲ್ಪಟ್ಟ ತುಣುಕುಗಳ ವಿದ್ಯುದಂಶಗಳ ಮೊತ್ತದಿಂದಲೋ ಊಹಿಸುತ್ತಾರೆ. ನಾನು ಮಾದರಿಯ ಘಟನೆಗಳನ್ನೂ ಅದೇ ಅಳತೆಯಿಂದಲೇ ವಿಂಗಡಿಸುತ್ತೇನೆ. ಗೊತ್ತಿರುವ ಅಡ್ಡ ದೂರವನ್ನು ಬಳಸಿದರೆ ಹೋಲಿಕೆ ಚೂಪಾಗಿ ಕಾಣುತ್ತದೆ, ಆದರೆ ಆ ಚೂಪು ಪ್ರಯೋಗದಲ್ಲಿ ಇರುವುದೇ ಇಲ್ಲ.

ಚಿನ್ನದ ಉತ್ಕ್ಷೇಪಕಕ್ಕೆ ಅಲಾದೀನ್ ಕಂಡದ್ದು ಒಂದು ಸುಂದರ ವಕ್ರರೇಖೆ. ಆ ವಿದ್ಯುದಂಶ ಮೊತ್ತ 40ರ ಸುತ್ತ ಇರುವಾಗ ಮಧ್ಯಮ ತುಣುಕುಗಳ ಸರಾಸರಿ ಸುಮಾರು 4ಕ್ಕೆ ಏರಿ, ಎರಡೂ ಬದಿಗೆ ಇಳಿಯುತ್ತದೆ. 400ರಿಂದ 1000 ಎಂಇವಿವರೆಗೆ ಶಕ್ತಿ ಬದಲಿಸಿದರೂ ಬಹುಮಟ್ಟಿಗೆ ಅದೇ ರೇಖೆ. ನಡುವಣ ಡಿಕ್ಕಿಗಳ ಕಥೆ ಬೇರೆ. ಅಲ್ಲಿ 100 ಎಂಇವಿಯಲ್ಲಿ ಹೇರಳವಾಗಿರುವ ಮಧ್ಯಮ ತುಣುಕುಗಳು 250, 400 ಎಂಇವಿಗೆ ಏರಿದಂತೆ ಕಡಿಮೆಯಾಗುತ್ತವೆ, ಗರಿಷ್ಠ ಅಂಚಿನ ಕಡೆಗೆ ಸರಿಯುತ್ತದೆ. ಒಂದೇ ನಿಯತಾಂಕಗಳಿಂದ ಈ ಎರಡನ್ನೂ ಹಿಡಿಯುವುದು ಮಾದರಿಗೆ ಕಠಿಣ ಪರೀಕ್ಷೆ. ಒಂದನ್ನು ಮಾತ್ರ ತೋರಿಸಿ ಗೆದ್ದೆವೆನ್ನುವುದು ಸುಲಭ.

ಪತ್ತೆಯಂತ್ರದ ಜರಡಿ ಆಮೇಲೆ. ಫ್ರಾನ್ಸಿನ ಕಾನ್ ನಗರದ ಗಾನಿಲ್‌ನಲ್ಲಿ ಕಟ್ಟಿದ ಇಂದ್ರಾ ಪತ್ತೆಯಂತ್ರ 336 ಘಟಕಗಳಿಂದ ಸುತ್ತಲಿನ ಶೇ 90ರಷ್ಟು ದಿಕ್ಕುಗಳನ್ನು ಆವರಿಸುತ್ತದೆ. ಕಟಾನಿಯಾದ ಕಿಮೇರಾದಲ್ಲಿ 1192 ಘಟಕಗಳಿವೆ. ಯಾವುದಾದರೂ ಸರಿ, ಕಿಂಡಿಗಳಿವೆ, ಕೆಳಮಿತಿಯ ಶಕ್ತಿಯಿದೆ, ಒಂದೇ ಘಟಕಕ್ಕೆ ಎರಡು ಕಣ ಬಿದ್ದರೆ ಗೊಂದಲವಿದೆ. ಜರಡಿ ಹಿಡಿಯುವ ಮುನ್ನ ಎರಡು ಕೆಲಸ. ಮೊದಲನೆಯದು, ಪ್ರಯೋಗಶಾಲೆಯ ಚೌಕಟ್ಟಿಗೆ ಲೊರೆಂಟ್ಜ್ ಪರಿವರ್ತನೆ. ಎರಡನೆಯದು, ಇಡೀ ಘಟನೆಯನ್ನು ಕಿರಣದ ಅಕ್ಷದ ಸುತ್ತ ಯಾದೃಚ್ಛಿಕ ಕೋನದಲ್ಲಿ ತಿರುಗಿಸುವುದು. ಮಾದರಿಯಲ್ಲಿ ಅಡ್ಡ ದೂರ ಯಾವಾಗಲೂ ಒಂದೇ ಅಕ್ಷದ ಮೇಲಿರುತ್ತದೆ. ತಿರುಗಿಸದಿದ್ದರೆ ಎಲ್ಲ ಘಟನೆಗಳೂ ಪತ್ತೆಯಂತ್ರದ ಅದೇ ಕಿಂಡಿಗಳನ್ನೇ ನೋಡುತ್ತವೆ.

300 ಫರ್ಮಿ/ಸಿಯಲ್ಲಿ ತುಣುಕುಗಳು ಇನ್ನೂ ಬಿಸಿಯಾಗಿವೆ, ಪತ್ತೆಯಂತ್ರ ಮುಟ್ಟುವ ಹೊತ್ತಿಗೆ ತಣಿದಿರುತ್ತವೆ. ನಡುವಿನ ಕ್ಷಯವನ್ನು ಜೆಮಿನಿಯಂಥ ಸಾಂಖ್ಯಿಕ ಕೋಡಿಗೆ ಒಪ್ಪಿಸಬೇಕು. ಅದಕ್ಕೆ ಉದ್ರೇಕ ಶಕ್ತಿ, ಅಂದರೆ ತುಣುಕಿನಲ್ಲಿ ಉಳಿದ ಬಿಸಿ, ಎಷ್ಟೆಂದು ಕೊಡುವಾಗ, ತುಣುಕಿನ ಕ್ಯೂಎಂಡಿ ಶಕ್ತಿಯಿಂದ ಅದೇ ಮಾದರಿಯ ನೆಲಸ್ಥಿತಿಯ ಶಕ್ತಿಯನ್ನು ಕಳೆಯಬೇಕು, ಪ್ರಯೋಗದ ದ್ರವ್ಯರಾಶಿಯನ್ನಲ್ಲ. ಮಾದರಿಯ ಬಂಧನ ನಿಜಕ್ಕಿಂತ ನ್ಯೂಕ್ಲಿಯಾನಿಗೆ 1 ಎಂಇವಿ ಕಡಿಮೆಯಿದ್ದರೆ, 40 ನ್ಯೂಕ್ಲಿಯಾನ್‌ಗಳ ತುಣುಕಿಗೆ 40 ಎಂಇವಿ ಸುಳ್ಳು ಬಿಸಿ ಸೇರುತ್ತದೆ. ಜೆಮಿನಿ ಅದನ್ನು ನಂಬಿ ನಾಲ್ಕೈದು ನ್ಯೂಟ್ರಾನ್‌ಗಳನ್ನು ಹೊರಹಾಕುತ್ತದೆ.

ಶಕ್ತಿಯ ಹಂಚಿಕೆ ಬೇಕಿದ್ದರೆ ಕೂಲಂಬ್ ತಳ್ಳಾಟವನ್ನೂ ಮುಗಿಸಬೇಕು. 300 ಫರ್ಮಿ/ಸಿಯಲ್ಲಿ ತುಣುಕುಗಳು ಇನ್ನೂ ಪರಸ್ಪರ ತಳ್ಳುತ್ತಿರುತ್ತವೆ. ಅವನ್ನು ಬಿಂದು ವಿದ್ಯುದಂಶಗಳೆಂದು ತಿಳಿದು ಕೆಲವು ಸಾವಿರ ಫರ್ಮಿ/ಸಿವರೆಗೆ ಸಾಗಿಸಿದರೆ ಸಾಕು, ಅದಕ್ಕೆ ತಗಲುವ ಹೊತ್ತು ನಗಣ್ಯ.

ಕೊನೆಗೆ ವಿದ್ಯುದಂಶ ಹಂಚಿಕೆಯ ರೇಖೆ. ಪ್ರಯೋಗದಲ್ಲಿ ಬೆರಿಲಿಯಂ ಜಾಗದಲ್ಲಿ ಒಂದು ತಗ್ಗು ಕಾಣುತ್ತದೆ, ಏಕೆಂದರೆ ಬೆರಿಲಿಯಂ–8 ಎರಡು ಆಲ್ಫಾಗಳಾಗಿ ಒಡೆದುಹೋಗುತ್ತದೆ. ಕ್ಯೂಎಂಡಿಗೆ ಇದು ತಿಳಿಯದು. ಅದರ ರೇಖೆ ನುಣುಪಾಗಿ ಇಳಿಯುತ್ತದೆ. ಆಲ್ಫಾದ 28.3 ಎಂಇವಿ ಬಂಧನವೂ ಅದಕ್ಕೆ ತಿಳಿಯದು, ಹೀಗಾಗಿ ಆಲ್ಫಾಗಳ ಎಣಿಕೆ ಯಾವಾಗಲೂ ಕಡಿಮೆ ಬರುತ್ತದೆ. ಇವೆರಡನ್ನು ನಿಯತಾಂಕ ತಿರುಚಿ ಸರಿಪಡಿಸಲು ಹೋಗಬಾರದು. ಘಾತ ನಿಯಮಕ್ಕೆ ರೇಖೆ ಹೊಂದಿಸುವಾಗ ನಾನು ವಿದ್ಯುದಂಶ 4ನ್ನು ಬಿಟ್ಟು, ಅತಿ ದೊಡ್ಡ ತುಣುಕನ್ನು ಪ್ರತಿ ಘಟನೆಯಿಂದ ತೆಗೆದು ಹೊಂದಿಸುತ್ತೇನೆ. ಆ ಎರಡನ್ನೂ ಸೇರಿಸಿಕೊಂಡರೆ ಸಿಗುವ ಘಾತ ಎಲ್ಲಿಂದ ಎಲ್ಲಿಗೆ ಹೊಂದಿಸಿದೆವು ಎಂಬುದರ ಮೇಲೆ ನಿಂತಿರುತ್ತದೆ.

ಈ ಎಲ್ಲವನ್ನೂ ಮತ್ತೆಮತ್ತೆ ಮಾಡಬೇಕಾಗುವುದರಿಂದ ಡಿಕ್ಕಿಯನ್ನೂ ಎಣಿಕೆಯನ್ನೂ ಒಂದೇ ಪ್ರೋಗ್ರಾಮಿನಲ್ಲಿ ಬೆಸೆಯಬೇಡಿ. ಪ್ರತಿ 20 ಫರ್ಮಿ/ಸಿಗೆ ಸ್ಥಾನ, ಸಂವೇಗ ಬರೆದಿಟ್ಟರೆ ಒಂದು ಕ್ಷಣದ ಚಿತ್ರಕ್ಕೆ 394 ನ್ಯೂಕ್ಲಿಯಾನ್, ತಲಾ ಆರು ಸಂಖ್ಯೆ, ನಾಲ್ಕು ಬೈಟಿನಂತೆ ಸುಮಾರು 9.5 ಕಿಲೋಬೈಟ್. ಹದಿನೈದು ಚಿತ್ರ, 10,000 ಘಟನೆ ಸೇರಿ 1.4 ಗಿಗಾಬೈಟ್. ಜತೆಗೆ ಪ್ರತಿ ಘಟನೆಯ ಅಡ್ಡ ದೂರ, ಯಾದೃಚ್ಛಿಕ ಬೀಜ, ನ್ಯೂಕ್ಲಿಯಾನಿನ ಮೂಲ ಯಾವ ನ್ಯೂಕ್ಲಿಯಸ್ ಎಂಬ ಗುರುತು. ಬೀಜ ಬರೆದಿಡದೆ ಹಲವು ಪ್ರೊಸೆಸರ್‌ಗಳಲ್ಲಿ ಓಡಿಸಿದಾಗ ಎಲ್ಲವೂ ಒಂದೇ ಬೀಜದಿಂದ ಹೊರಟು, ಸಾವಿರ ಘಟನೆಗಳೆಂದು ಎಣಿಸಿದ್ದು ಒಂದೇ ಘಟನೆಯ ಸಾವಿರ ಪ್ರತಿಗಳಾಗಿರುವುದುಂಟು. ಎರಡು ಕಡತಗಳ ಮೊದಲ ಸಾಲನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅದು ತಕ್ಷಣ ತಿಳಿಯುತ್ತದೆ.